ಚಿಕ್ಕಮಾರಯ್ಯ ಮೇಷ್ಟ್ರ ಸಹಿ

ಗಾಡಿ ಓಡಿಸುವುದನ್ನು ಕಲಿಸುವವರು ನಮ್ಮ ಉತ್ತರ ಬೆಂಗಳೂರಿನಲ್ಲಿ ಬೀದಿಗಿಬ್ಬರಂತೆ ಸಿಗುತ್ತಾರೆ. ಓಡುವ ಗಾಡಿ ಬೇಕಾದ ಕಡೆ, ಬೇಕಾದ ಗಳಿಗೆಯಲ್ಲಿ ನಿಲ್ಲುವಂತೆ ಮಾಡುವ ಕೈಗಳನ್ನು ತಯಾರು ಮಾಡಿದವರು ಯಾರು ಎಂದು ಯಲಹಂಕದಿಂದ ಯಶವಂತಪುರದವರೆಗಿನ ಯಾವ ಗ್ಯಾರೇಜಿನಲ್ಲಿ ವಿಚಾರಿಸಿದರೂ, ಕೈ ಒರೆಸಿಕೊಳ್ಳುತ್ತಲೇ ಅವರು ಹೇಳುವ ಹೆಸರು ಒಂದೇ: ಚಿಕ್ಕಮಾರಯ್ಯ ಮೇಷ್ಟ್ರು. ಯಲಹಂಕದ ನಮ್ಮ ಕೈಗಾರಿಕಾ ತರಬೇತಿ ಕೇಂದ್ರದ ಮೋಟಾರು ವಾಹನ ವಿಭಾಗದಲ್ಲಿ ಮೂವತ್ತೈದು ವರ್ಷ ಬೋಧಕರಾಗಿದ್ದು, ಈ ಜನವರಿಯ ಕೊನೆಗೆ ನಿವೃತ್ತರಾಗುತ್ತಿರುವ ಅವರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಸಂಪುಟವನ್ನು ಅರ್ಪಿಸುತ್ತಿರುವುದು ಯೋಗ್ಯವೂ ಹೌದು, ಸ್ವಲ್ಪ ತಡವೂ ಹೌದು.

ಸಂಪಾದಕ ಮಂಡಳಿಯವರು ನನಗೆ ಫೋನ್ ಮಾಡಿ, "ಪ್ರತಿಭಾ ಮೇಡಂ, ಲೇಖನ ಸ್ವಲ್ಪ ಸಾಹಿತ್ಯಿಕವಾಗಿರಲಿ, ಗ್ರೀಸ್ ವಾಸನೆ ಕಮ್ಮಿ ಇರಲಿ" ಎಂದರು. ಅಯ್ಯೋ, ಅವರಿಗೆ ಬೇಕಾದ ಸಾಹಿತ್ಯ ನನಗೆ ಬರುವುದಿಲ್ಲ, ನನಗೆ ಬರುವ ಗ್ರೀಸು ಅವರಿಗೆ ಬೇಡ. ಮೇಷ್ಟ್ರ ಶಿಷ್ಯೆಯಾಗಿ ಎರಡು ವರ್ಷ, ಸಹೋದ್ಯೋಗಿಯಾಗಿ ಎಂಟು ವರ್ಷ ಅವರ ಪಕ್ಕದಲ್ಲಿ ನಿಂತ ನಾನು ಈ ಲೇಖನ ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ. ಮೇಷ್ಟ್ರ ಸೇವಾ ಪುಸ್ತಕದಲ್ಲಿ ೨೦೧೧ನೇ ಇಸವಿಯ ಒಂದು ಎಚ್ಚರಿಕೆಯ ನಮೂದು ಇದೆ. 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂಬ ಎರಡು ಪದ. ಅದರಿಂದಾಗಿ ಅವರಿಗೆ ಬರಬೇಕಿದ್ದ ತರಬೇತಿ ಅಧಿಕಾರಿಯ ಹುದ್ದೆ ಒಂದಲ್ಲ, ಎರಡು ಸಲ ತಪ್ಪಿತು. ಬೋಧಕರಾಗಿ ಬಂದವರು ಬೋಧಕರಾಗಿಯೇ ಹೊರಗೆ ಹೋಗುತ್ತಿದ್ದಾರೆ. ಆ ನಿರ್ಲಕ್ಷ್ಯ ಮಾಡಿದವಳು ನಾನು. ಇದನ್ನು ಅಚ್ಚಿನಲ್ಲಿ ಹೇಳದೆ ಅವರಿಗೆ ಶಾಲು ಹೊದಿಸಿದರೆ ಆ ಶಾಲು ನನ್ನ ಕೈ ಸುಡುತ್ತದೆ.

ಮೇಷ್ಟ್ರು ಹುಟ್ಟಿದ್ದು ಜಕ್ಕೂರಿನ ಹಳೆಯ ಊರಿನಲ್ಲಿ, ಬೇಸಾಯದ ಮನೆಯಲ್ಲಿ. ೧೯೯೦ರ ಕೊನೆಯಲ್ಲಿ ಅವರು ಕೆಲಸಕ್ಕೆ ಸೇರಿದಾಗ ನಮ್ಮ ಕಾರ್ಯಾಗಾರದಲ್ಲಿ ಇದ್ದದ್ದೆಲ್ಲ ಹಳೆಯ ಡ್ರಮ್ ಬ್ರೇಕುಗಳೇ. ಮುಂದೆ ರಸ್ತೆಗೆ ಡಿಸ್ಕ್ ಬ್ರೇಕಿನ ಕಾರುಗಳು ಬಂದವು, ಪಠ್ಯಕ್ರಮಕ್ಕೆ ಬರಲಿಲ್ಲ. ಪಠ್ಯಕ್ರಮ ಬರುವವರೆಗೆ ಕಾಯುವ ಜಾಯಮಾನ ಇವರದ್ದಲ್ಲ. ಗುಜರಿಯಿಂದ ಹಳೆಯ ಕ್ಯಾಲಿಪರ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಮನೆಯ ಜಗುಲಿಯ ಮೇಲೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ, ಯಾರೂ ಹೇಳಿಕೊಡದೆ ಕಲಿತರು. ಅಷ್ಟರಲ್ಲಿ ಅವರ ಅಣ್ಣ ಲಕ್ಕಣ್ಣನವರು ತಮ್ಮ ಪಾಲಿನ ಜಮೀನಿನಲ್ಲಿ ಕಟ್ಟಡ ಎಬ್ಬಿಸಿ ಬಿಲ್ಡರ್ ಆಗಿದ್ದರು. "ಬಾರೋ ನನ್ ಜತೆ, ಯಾಕಿಂಗೆ ಕೈ ಕಪ್ಪು ಮಾಡ್ಕೊಂಡು ಸಾಯ್ತೀಯ?" ಎಂದು ಅವರು ಕರೆದಾಗ ಇವರು, "ಸೋಪು ಐತಲ್ಲಣ್ಣ, ತೊಳ್ಕೊಂಡ್ರೆ ಓಯ್ತದೆ" ಎಂದರಂತೆ. ಈ ಮಾತನ್ನು ನನಗೆ ಹೇಳಿದವರು ಲಕ್ಕಣ್ಣನವರೇ, ಅದೂ ಬಹಳ ಹೆಮ್ಮೆಯಿಂದ.

ಓದುಗರಲ್ಲಿ ಗ್ಯಾರೇಜಿನ ಹೊರಗಿನವರೂ ಇರುವುದರಿಂದ ಒಂದಿಷ್ಟು ವಿವರಿಸುತ್ತೇನೆ. ಸಂಪಾದಕರು ಮೂಗು ಮುಚ್ಚಿಕೊಳ್ಳಲಿ. ಮುಂದಿನ ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬಿಲ್ಲೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಮುಷ್ಟಿಯೇ ಕ್ಯಾಲಿಪರ್. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಅದರೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ. ವರ್ಷ ಕಳೆದಂತೆ ಪಿಸ್ಟನ್ನಿಗೆ ತುಕ್ಕು ಹಿಡಿಯುತ್ತದೆ, ಅದರ ಸುತ್ತಲಿನ ರಬ್ಬರ್ ಸೀಲ್ ಸವೆಯುತ್ತದೆ. ಆಗ ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ಸೀಲ್ ಕೂರಿಸಿ ಮತ್ತೆ ಕಟ್ಟಬೇಕು. ಕಟ್ಟಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನೆಲ್ಲ ಒಂದು ಸಣ್ಣ ನಿಪ್ಪಲ್ಲಿನಿಂದ ಹೊರಗೆ ಬಿಡಬೇಕು. ಗಾಳಿ ಮೇಲಕ್ಕೇರುವ ವಸ್ತುವಾದ್ದರಿಂದ ಆ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಲೇಬೇಕು. ಇಲ್ಲೇ ಇರುವುದು ಗ್ರಹಚಾರ. ಎಡ ಬಲದ ಕ್ಯಾಲಿಪರುಗಳು ನೋಡಲು ಅವಳಿ ಜವಳಿ. ಎಡದ್ದನ್ನು ಬಲಕ್ಕೆ ಹಾಕಿದರೂ ಬಹಳ ಗಾಡಿಗಳಲ್ಲಿ ಸಲೀಸಾಗಿ ಕೂರುತ್ತದೆ, ಬೋಲ್ಟೂ ಬಿಗಿಯಾಗುತ್ತದೆ. ನಿಪ್ಪಲ್ ಮಾತ್ರ ಕೆಳಗೆ ಬಂದು ನೆಲ ನೋಡುತ್ತದೆ. ಆಮೇಲೆ ಎಷ್ಟು ಗಾಳಿ ತೆಗೆದರೂ ಮೇಲಿನ ಗಾಳಿ ಮೇಲೆಯೇ ಉಳಿಯುತ್ತದೆ.

ಇದಕ್ಕಾಗಿಯೇ ಮೇಷ್ಟ್ರು ಎರಡು ತಟ್ಟೆಯ ಪದ್ಧತಿ ತಂದರು. ಮನೆಯಿಂದ ತಂದ ಅಲ್ಯೂಮಿನಿಯಂ ಊಟದ ತಟ್ಟೆಗಳು. ಎಡಕ್ಕೆ ಕೆಂಪು ಬಣ್ಣ ಬಳಿದದ್ದು, ಬಲಕ್ಕೆ ಬಿಳಿ. ಎಡದ ಚಕ್ರದಿಂದ ಬಿಚ್ಚಿದ ಒಂದು ವಾಷರ್ ಕೂಡ ಬಿಳಿ ತಟ್ಟೆಗೆ ಹೋಗುವಂತಿಲ್ಲ, ಒಂದು ತಟ್ಟೆಯ ಕೆಲಸ ಮುಗಿಯದೆ ಇನ್ನೊಂದು ಚಕ್ರ ಮುಟ್ಟುವಂತಿಲ್ಲ. "ನಮ್ಮನೇಲಿ ಊಟಕ್ಕಿಂತ ಬ್ರೇಕ್‌ಗೇ ತಟ್ಟೆ ಜಾಸ್ತಿ" ಎಂದು ಅವರ ಪತ್ನಿ ಗಂಗರತ್ನಮ್ಮನವರು ಇಂದಿಗೂ ಹಂಗಿಸುತ್ತಾರೆ. ರಬ್ಬರ್ ಸೀಲ್ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆಯಬೇಕೆಂಬುದು ಎರಡನೆಯ ಕಟ್ಟಳೆ. ಈಗ ಆರ್.ಟಿ. ನಗರದಲ್ಲಿ ಸ್ವಂತ ಗ್ಯಾರೇಜು ಇಟ್ಟಿರುವ ಅಜ್ಜು ಅವರು ತಮ್ಮ ಕಾಲದಲ್ಲಿ ಸೀಲನ್ನು ಡೀಸೆಲಿನಲ್ಲಿ ತೊಳೆದು ಅದನ್ನು ಊದಿಕೊಳ್ಳುವಂತೆ ಮಾಡಿದ್ದರಂತೆ. ಆ ಊದಿದ ಸೀಲನ್ನು ಮೇಷ್ಟ್ರು ಒಂದು ಬಾಟಲಿಯಲ್ಲಿ ಹಾಕಿಟ್ಟು ಪ್ರತಿ ವರ್ಷದ ಮಕ್ಕಳಿಗೂ ತೋರಿಸುತ್ತಾರೆ. ಬಾಟಲಿಯ ಮೇಲೆ ಅಜ್ಜು ಅವರ ಹೆಸರನ್ನು ಮಾತ್ರ ಬರೆದಿಲ್ಲ, ಅಜ್ಜುವೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.

ಮೂರನೆಯದು ಸಹಿ. ಪ್ರತಿ ಗಾಡಿಗೂ ಒಂದು ಜಾಬ್ ಕಾರ್ಡ್. ಅದರಲ್ಲಿ ಕೆಲಸ ಮಾಡಿದವರ ಹೆಸರು, ಕೆಳಗೆ ಪರೀಕ್ಷಿಸಿದವರ ಸಹಿ. ಬೇರೆ ವಿಭಾಗಗಳಲ್ಲಿ ಬೋಧಕರು ಕುರ್ಚಿಯಲ್ಲಿ ಕೂತು ಸಹಿ ಹಾಕುವುದನ್ನು ನಾವೆಲ್ಲ ಕಂಡವರೇ. ಇವರು ಗೋಣಿಚೀಲ ಹಾಸಿ ನೆಲದ ಮೇಲೆ ಮಲಗಿ, ಟಾರ್ಚು ಬಿಟ್ಟು, ಎರಡೂ ಚಕ್ರದ ಒಳಮೈ ನೋಡಿ, ಪೆಡಲನ್ನು ಒಂದೇ ಸಲ ಒತ್ತಿ ನೋಡಿ, ಎದ್ದು ಅಂಗಿ ಕೊಡವಿಕೊಂಡ ಮೇಲೆಯೇ ಪೆನ್ನು ತೆಗೆಯುತ್ತಿದ್ದರು.

೨೦೦೯ರಲ್ಲಿ ನಾನು ಆ ವಿಭಾಗಕ್ಕೆ ಸೇರಿದೆ. ಗದಗಿನ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ನನ್ನ ತಂದೆ ಚನ್ನಪ್ಪನವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ತಾಯಿ ಈರವ್ವ ಮಾತ್ರ, "ರೊಟ್ಟಿ ಬಡಿಯೂ ಕೈ ಅದು, ಬೋಲ್ಟ್ ತಿರುವಾಕ ಬರೂದಿಲ್ಲೇನು? ಹೋಗ್ಲಿ ಬಿಡ್ರಿ" ಎಂದು ಕಳಿಸಿದಳು. ಅಂದಿನ ಪ್ರಾಂಶುಪಾಲರು ಹುಡುಗಿಯರಿಗೆ ಈ ವಿಭಾಗದಲ್ಲಿ ಎರಡು ವರ್ಷದ ಮಟ್ಟಿಗೆ ಪ್ರಯೋಗವೆಂದು ಪ್ರವೇಶ ಕೊಟ್ಟಿದ್ದರು. ಸೇರಿದವಳು ನಾನೊಬ್ಬಳೇ. "ನೀನು ಸರಿಯಾಗಿ ಪಾಸಾದ್ರೆ ಮುಂದುವರಿಸ್ತೀವಿ, ಏನಾದ್ರೂ ಎಡವಟ್ಟಾದ್ರೆ ಇಲ್ಲಿಗೇ ಕ್ಲೋಸ್" ಎಂದು ನನಗೆ ಮುಖಕ್ಕೆ ಹೇಳಿದ್ದರು. ನನ್ನ ಹಿಂದೆ ಬರಲಿರುವ, ನಾನು ಕಣ್ಣಿಂದಲೂ ಕಾಣದ ಹುಡುಗಿಯರ ಸೀಟೆಲ್ಲ ನನ್ನ ಕೈಯಲ್ಲಿನ ಸ್ಪ್ಯಾನರಿಗೆ ಜೋತುಬಿದ್ದಿತ್ತು.

ಮೇಷ್ಟ್ರು ಮೊದಲ ವಾರ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಎರಡನೆಯ ಸೋಮವಾರ ಬಂದು ಒಂದು ಬೀಗದ ಕೈ ಕೊಟ್ಟರು. ಕಾರ್ಯಾಗಾರದ ಹತ್ತಿರ ಹುಡುಗಿಯರಿಗೆ ಶೌಚಾಲಯ ಇರಲಿಲ್ಲ. ನಾನು ನೀರು ಕುಡಿಯದೆ ದಿನ ತಳ್ಳುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಅವರು ಭಾನುವಾರ ಬಂದು, ಉಗ್ರಾಣದ ಹಿಂದಿದ್ದ ಹಾಳು ಶೌಚಾಲಯವನ್ನು ತಾವೇ ಉಜ್ಜಿ ತೊಳೆದು, ಚಿಲಕ ಹಾಕಿಸಿ, ಬೀಗ ತಂದಿದ್ದರು. "ತಕಳವ್ವ. ಇನ್ನೊಂದ್ ಕೈ ಆಪೀಸಲ್ಲಿ ಇಲ್ಲ, ನಿನ್ನತ್ರ ಒಂದೇ" ಎಂದಷ್ಟೇ ಹೇಳಿ ಹೋದರು. ನಾನು ಕಂಡ ಅಭಿನಂದನ ಸಂಪುಟಗಳಲ್ಲಿ ಗುರುಗಳ ಜ್ಞಾನವನ್ನು ಸಾಗರಕ್ಕೆ ಹೋಲಿಸುತ್ತಾರೆ. ನನ್ನ ಗುರುಗಳು ನನಗಾಗಿ ಶೌಚಾಲಯ ತೊಳೆದರು, ಇದಕ್ಕೆ ಏನನ್ನು ಹೋಲಿಸಲಿ?

ಇನ್ನು ೨೦೧೧ರ ಮಾರ್ಚ್ ತಿಂಗಳ ಆ ದಿನ. ಗಂಗಾನಗರದ ಧರ್ಮಾರ್ಥ ಸಂಸ್ಥೆಯೊಂದರ ಆಂಬುಲೆನ್ಸ್ ಮುಂದಿನ ಬ್ರೇಕ್ ಕೆಲಸಕ್ಕೆ ಬಂದಿತ್ತು. ಎರಡೂ ಕ್ಯಾಲಿಪರ್ ಕಟ್ಟುವ ಕೆಲಸವನ್ನು ಮೇಷ್ಟ್ರು ನನ್ನೊಬ್ಬಳಿಗೇ ಬಿಟ್ಟರು, ಏಕೆಂದರೆ ಮೂರು ಗಂಟೆಗೆ ಪ್ರಾಂಶುಪಾಲರು ಅತಿಥಿಗಳೊಂದಿಗೆ ಬಂದು ನೋಡುವವರಿದ್ದರು. ಗಾಡಿ ಸರಿಯಾಗಿ ನಿಂತ ಮೇಲೆ, ಕಟ್ಟಿದ್ದು ಈ ಹುಡುಗಿ ಎಂದು ಅವರೆದುರು ಹೇಳುವುದು ಮೇಷ್ಟ್ರ ಆಸೆ. ಬೆಳಿಗ್ಗೆಯಿಂದ ನನಗೆ ಬರೀ ಆತುರ. ಕೆಂಪು ತಟ್ಟೆಯ ಕೆಲಸ ಅರ್ಧವಾಗಿದ್ದಾಗಲೇ ಬಲದ ಚಕ್ರವನ್ನೂ ಬಿಚ್ಚಿದೆ. ಬೇಗ ಮುಗಿಯಲೆಂದು, ಎರಡೂ ಒಟ್ಟಿಗೆ ಹೊಳೆದರೆ ನೋಡಲು ಚೆನ್ನ ಎಂದು, ಎರಡು ಕ್ಯಾಲಿಪರನ್ನೂ ಒಂದೇ ದೊಡ್ಡ ಟ್ರೇಯಲ್ಲಿ ಹಾಕಿ ತೊಳೆದೆ. ಫಳಫಳ ಹೊಳೆದವು. ಪಿಸ್ಟನ್ನಿಗೆ ಬ್ರೇಕ್ ಆಯಿಲ್ ಸವರಿ ಹೊಸ ಸೀಲಿನೊಳಗೆ ಬೆರಳಲ್ಲಿ ಒತ್ತಿ ಕೂರಿಸಿದ್ದು ಎಷ್ಟು ನಾಜೂಕಾಗಿತ್ತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸಿತ್ತು. ಆಮೇಲೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬಿಗಿದೆ.

ಗಾಳಿ ತೆಗೆಯುವಾಗ ನಿಪ್ಪಲ್ಲಿನಿಂದ ಗುಳ್ಳೆಯಿಲ್ಲದ ಆಯಿಲ್ ಬಂತು. ಪೆಡಲ್ ಮೊದಲು ಮೆತ್ತಗಿತ್ತು. ನಾಲ್ಕೈದು ಸಲ ಪಂಪ್ ಮಾಡಿದಾಗ ಗಟ್ಟಿಯಾಯಿತು. ಪಂಪ್ ಮಾಡಿ ಗಟ್ಟಿ ಬಂದ ಪೆಡಲನ್ನು ನಂಬಬಾರದು, ಬಿಟ್ಟು, ಕಾದು, ಒಂದೇ ಸಲ ಒತ್ತಿ ನೋಡಬೇಕು ಎಂದು ಎರಡು ವರ್ಷ ಕೇಳಿಸಿಕೊಂಡಿದ್ದೆ. ಆ ಹೊತ್ತಿಗೆ ಅದೆಲ್ಲ ಎಲ್ಲಿ ಹೋಗಿತ್ತೋ! ಕಾರ್ಡಿನಲ್ಲಿ ಹೆಸರು ಬರೆದು ಮೇಜಿನ ಮೇಲಿಟ್ಟು ನೀರು ಕುಡಿಯಲು ಹೋದೆ. ವಾಪಸು ಬರುವಷ್ಟರಲ್ಲಿ ಅದರ ಮೇಲೆ ಮೇಷ್ಟ್ರ ಸಹಿ ಬಿದ್ದಿತ್ತು. ನಾನಿಲ್ಲದಾಗ ನೋಡಿರಬೇಕು ಎಂದುಕೊಂಡೆ.

ಆಂಬುಲೆನ್ಸಿನ ಚಾಲಕರು ಖಾದರ್ ಬಾಷಾ ಎಂಬ ಹಿರಿಯರು. ಅತಿಥಿಗಳು ಸಾಲಾಗಿ ನಿಂತಿದ್ದರು. ಗಾಡಿ ಅಂಗಳದ ಆ ತುದಿಯಿಂದ ಹೊರಟು ನಮ್ಮ ಮುಂದೆ ನಿಲ್ಲಬೇಕಿತ್ತು. ಖಾದರ್ ಸಾಹೇಬರು ಬ್ರೇಕ್ ಒತ್ತಿದರು, ಪೆಡಲ್ ನೆಲಕ್ಕೆ ಹೋಯಿತು. ಹಿಂದಿನ ಚಕ್ರ ಅರೆಬರೆ ಹಿಡಿಯಿತು, ಅವರು ಹ್ಯಾಂಡ್ ಬ್ರೇಕ್ ಎಳೆದರು, ಗಾಡಿ ನಮ್ಮನ್ನು ದಾಟಿ ಹೂಕುಂಡಗಳನ್ನು ಪುಡಿ ಮಾಡಿ ಕಾಂಪೌಂಡಿಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಖಾದರ್ ಸಾಹೇಬರು ಇಳಿದು ಬಂದು, "ಒಳಗೆ ಪೇಷೆಂಟ್ ಇದ್ದಿದ್ರೆ ಏನ್ ಗತಿಯಮ್ಮಾ?" ಎಂದರು, ಅಷ್ಟೇ.

ಪ್ರಾಂಶುಪಾಲರು ಕೆಂಡವಾಗಿದ್ದರು. "ಯಾರ್ರೀ ಕಟ್ಟಿದ್ದು ಇದನ್ನ?" ನಾನು "ಸರ್, ನಾ..." ಎಂದು ಬಾಯಿ ತೆರೆದೆ. ಮೇಷ್ಟ್ರು ನನ್ನ ಮುಂದೆ ಬಂದು ನಿಂತು ಕಾರ್ಡ್ ಚಾಚಿದರು.

"ಸಾರ್, ಯಾರ್ ಕಟ್ಟಿದ್ರೂ ನೋಡ್ಬೇಕಾದೋನು ನಾನು. ನೋಡಿದ್ದೀನಿ ಅಂತ ಸಹಿ ಐತೆ. ನೋಡ್ದೆ ಆಕ್ಬುಟ್ಟೆ. ತೆಪ್ಪು ನಂದು."

ವಿಚಾರಣೆ ಅಲ್ಲಿಗೆ ಮುಗಿಯಿತು. ಸಹಿ ಅವರದ್ದು, ನಮೂದೂ ಅವರ ಪುಸ್ತಕಕ್ಕೆ. ಆ ಸಂಜೆ, "ಸರ್, ನಾ ಹೋಗಿ ಖರೇ ಹೇಳ್ತೀನ್ರಿ" ಎಂದು ಅತ್ತೆ. "ಆಮೇಲೆ ಅಳೀವಂತೆ, ಮೊದ್ಲು ಚಕ್ರ ಬಿಚ್ಚು" ಎಂದರು. ಎರಡು ತಟ್ಟೆ ಇಟ್ಟುಕೊಂಡು ಮೊದಲಿನಿಂದ ಕಟ್ಟಿದೆವು. ಮುಗಿದ ಮೇಲೆ ಖಾದರ್ ಸಾಹೇಬರನ್ನು ಚಾಲಕರ ಜಾಗದಲ್ಲಿ ಕೂರಿಸಿ, ಮೇಷ್ಟ್ರು ಪಕ್ಕದಲ್ಲಿ, ನಾನು ಹಿಂದೆ ರೋಗಿಯ ಮಂಚದ ಮೇಲೆ, ಜಕ್ಕೂರಿನ ವಿಮಾನದ ಮೈದಾನದವರೆಗೆ ಹೋಗಿ ಬಂದೆವು. ಗಾಡಿ ಹೇಳಿದ ಕಡೆಯಲ್ಲೆಲ್ಲ ನಿಂತಿತು. ಖಾದರ್ ಸಾಹೇಬರು ದಾರಿಯಲ್ಲಿ ಚಹಾ ಕೊಡಿಸಿದರು.

ನಾನು ಪಾಸಾದೆ. ಮುಂದಿನ ವರ್ಷ ಮೂವರು ಹುಡುಗಿಯರು ಬಂದರು. ಈ ವರ್ಷ ಹದಿನಾಲ್ಕು ಮಂದಿ ಇದ್ದಾರೆ. ಅವರಲ್ಲಿ ಮಂಜುಶ್ರೀ ಎಂಬವಳು ಹೆಸರಘಟ್ಟದಿಂದ ಎರಡು ಬಸ್ಸು ಬದಲಿಸಿ ಬಂದು, ನನಗಿಂತ ಚೆನ್ನಾಗಿ ಪಿಸ್ಟನ್ ಕೂರಿಸುತ್ತಾಳೆ. ಇವರ್ಯಾರಿಗೂ ೨೦೧೧ ಗೊತ್ತಿಲ್ಲ. ಗೊತ್ತಿರುವುದು ಸಿಬ್ಬಂದಿಯ ಕೋಣೆಗೆ. ಅಲ್ಲಿ ಚಹಾದ ಹೊತ್ತಿಗೆ "ಚಿಕ್ಕಮಾರಯ್ಯನೋರ ಬ್ರೇಕಾ? ಗೋಡೆ ಇದ್ರೆ ಗ್ಯಾರಂಟಿ ನಿಲ್ಲುತ್ತೆ" ಎಂಬ ತಮಾಷೆ ಬಹಳ ಹಳೆಯದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಅದನ್ನು ಹೇಳಿದಾಗ ಎಲ್ಲರೂ ನಕ್ಕರು. ಹೊಸಬಳು, ಎಲ್ಲರ ಜೊತೆ ಸೇರಬೇಕೆಂಬ ಆಸೆ, ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು. ಮಾಡಿದ ತಪ್ಪಿಗಿಂತ ಆ ನಗು ನನಗೆ ಹೆಚ್ಚು ನಾಚಿಕೆ ತಂದಿದೆ, ಅದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಕಳೆದ ಡಿಸೆಂಬರಿನ ಒಂದು ಭಾನುವಾರ ಈ ಲೇಖನದ ಕರಡನ್ನು ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ದಂಪತಿಗಳಿಬ್ಬರೂ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನನ್ನ ಮುಂದೂ ಒಂದು ಬೋಗುಣಿ ಇಟ್ಟರು. ಕಾಳು ಹಿದುಕುತ್ತಲೇ ಓದಿ ಹೇಳಿದೆ. ನನ್ನನ್ನು ಉಳಿಸಲು ಅವರು ಇಲ್ಲದ ತಪ್ಪನ್ನು ಹೊತ್ತರು ಎಂಬ ಸಾಲು ಬಂದಾಗ ಮೇಷ್ಟ್ರು ಕೈ ನಿಲ್ಲಿಸಿದರು.

"ಅದನ್ನ ಒಡ್ದಾಕು. ಸುಳ್ಳದು."

"ಸುಳ್ಳು ಹೆಂಗಾಗ್ತದ ಸರ್? ತಿರುವುಮುರುವು ಹಾಕಿದಾಕಿ ನಾನ ಅಲ್ರೀ? ಪ್ರಾಂಶುಪಾಲರಿಗೂ ಬರೆದು ಕೊಡಾಕತ್ತೀನಿ."

"ಕೊಡು. ನೀನು ಮಾಡಿದ್ದು ನೀನು ಬರ್ಕೊ, ಬ್ಯಾಡ ಅನ್ನಲ್ಲ. ನಾನು ಅವತ್ತು ಏಳಿದ್ದೂ ದಿಟವೇ. ನಾನು ನೋಡಿರ್ಲಿಲ್ಲ ಕಣವ್ವ."

ನನಗೆ ಅರ್ಥವಾಗಲಿಲ್ಲ. ಹದಿನಾಲ್ಕು ವರ್ಷ ನಾನು, ಇವರು ನೋಡಿಯೂ ಗಮನಿಸದೆ ಹೋದರು, ಆಮೇಲೆ ನನ್ನ ಮಾನ ಕಾಯಲು ನೋಡಲಿಲ್ಲವೆಂದರು ಎಂದೇ ನಂಬಿದ್ದೆ. ನೆಲದ ಮೇಲೆ ಮಲಗದೆ ಸಹಿ ಹಾಕುವ ಚಿಕ್ಕಮಾರಯ್ಯ ಮೇಷ್ಟ್ರನ್ನು ಊಹಿಸಲೂ ನನಗೆ ಬರುತ್ತಿರಲಿಲ್ಲ. "ಯಾಕ ನೋಡ್ಲಿಲ್ರಿ?" ಎಂದೆ. ಅವರು ಒಂದು ಹಿಡಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು.

"ಗೋಣಿಚೀಲ ತಕಂಡೆ. ಕಾರ್ಡಲ್ಲಿ ನಿನ್ ಹೆಸ್ರಿತ್ತು. ಇವಳ್ದೇನ್ ನೋಡೋದು, ಇವ್ಳು ಕಟ್ಟಿರ್ತಾಳೆ ಅಂದ್ಕಂಡು ಚೀಲ ಮಡಚಿಟ್ಟು ಸಹಿ ಆಕ್ದೆ. ಅಷ್ಟ್ ವರ್ಷಕ್ಕೂ ಯಾರ್ದೂ ನೋಡ್ದೆ ಆಕಿರ್ಲಿಲ್ಲ. ನಿಂದೊಂದೇ."

ನಾನು ಜೋರಾಗಿ ಅತ್ತುಬಿಟ್ಟೆ. ಮೂವತ್ತು ದಾಟಿದ ಹೆಂಗಸು, ಅವರೆಕಾಳಿನ ಬೋಗುಣಿ ತೊಡೆಯ ಮೇಲಿಟ್ಟುಕೊಂಡು. ನನ್ನನ್ನು ಕರುಣೆಯಿಂದ ಕಾಪಾಡಿದರು ಎಂದುಕೊಂಡು ಇಷ್ಟು ವರ್ಷ ಕುಗ್ಗಿದ್ದೆ. ಇವರು ನನ್ನ ಕೈಯನ್ನು ತಮ್ಮ ಕಣ್ಣಿಗಿಂತ ಹೆಚ್ಚು ನಂಬಿದ್ದರು, ಆ ಕೈ ಕೊಟ್ಟದ್ದು ಅಂಥ ಕೆಲಸ. ಗಂಗರತ್ನಮ್ಮನವರು, "ಏನಂದ್ರಿ ಆ ಮಗೀಗೆ, ಬಂದ್ ಮನೇಲಿ ಅಳಿಸ್ತೀರಲ್ಲ" ಎಂದು ಗಂಡನನ್ನೇ ಗದರಿದರು. ಮೇಷ್ಟ್ರು ನಕ್ಕು, "ಈಗ್ಲೂ ಕೊಡು, ನಿನ್ ಕಾರ್ಡಿಗೆ ನೋಡ್ದೆ ಆಕ್ತೀನಿ" ಎಂದರು.

ನಾನು ಬರೆದುಕೊಟ್ಟ ಹೇಳಿಕೆಯನ್ನು ಈಗಿನ ಪ್ರಾಂಶುಪಾಲರಾದ ಸೋಮನಾಥ ಅವರು ಮೇಷ್ಟ್ರ ಸೇವಾ ಪುಸ್ತಕಕ್ಕೆ ಲಗತ್ತಿಸಿದ್ದಾರೆ. ಹಳೆಯ ನಮೂದನ್ನು ಅಳಿಸುವುದು ನಿಯಮದಲ್ಲಿಲ್ಲ, ಅದರ ಪಕ್ಕದಲ್ಲಿ ಇದೂ ಇರುತ್ತದೆ. ಸಿಬ್ಬಂದಿಯ ಕೋಣೆಯಲ್ಲಿ ನಾನೇ ನಿಂತು ಎಲ್ಲವನ್ನೂ ಹೇಳಿದ್ದೇನೆ. ಇನ್ನು ಆ ತಮಾಷೆ ಮಾಡುವವರು ನನ್ನ ಹೆಸರು ಹಾಕಿಕೊಂಡು ಮಾಡಲಿ, ನಾನು ನಗುತ್ತೇನೆ. ಫೆಬ್ರವರಿಯಿಂದ ಬ್ರೇಕ್ ವಿಭಾಗ ನನ್ನ ಪಾಲಿಗೆ ಬರುತ್ತದೆ. ಪ್ರತಿ ಶನಿವಾರ ಬಂದು ಮಕ್ಕಳಿಗೆ ಕಲಿಸಲು ಮೇಷ್ಟ್ರು ಒಪ್ಪಿದ್ದಾರೆ, ಒಪ್ಪದಿದ್ದರೂ ಬರುತ್ತಿದ್ದರು.

ಪೂಜ್ಯ ಗುರುಗಳಿಗೆ ಗಟ್ಟಿ ಆಯಸ್ಸೂ ನೋವಿಲ್ಲದ ಸೊಂಟವೂ ಕೆಲಸ ತಪ್ಪದ ಶನಿವಾರಗಳೂ ಲಭಿಸಲಿ ಎಂದು ಅವರ ಎಲ್ಲ ಶಿಷ್ಯರ ಪರವಾಗಿ ಹಾರೈಸುತ್ತೇನೆ. ನನ್ನ ಪರವಾಗಿ ಒಂದು ಬೇಡಿಕೆ ಮಾತ್ರ ಬೇರೆ ಇದೆ. ಮುಂದಿನ ಶನಿವಾರ ನಾನು ಕಟ್ಟಿದ ಗಾಡಿಯ ಕಾರ್ಡನ್ನು ತಮ್ಮ ಮುಂದೆ ಇಡುತ್ತೇನೆ, ಮೇಷ್ಟ್ರೇ. ದಯವಿಟ್ಟು ಕೆಳಗೆ ಮಲಗಿ, ಎರಡೂ ಚಕ್ರ ನೋಡಿ, ಆಮೇಲೆ ಸಹಿ ಹಾಕಿ.